ಅಚ್ಚು ಬದಲಾದ ತೇರು ಅದೇ ತೇರೇ?

ಹಳೆಯ ಅಂಬಾಸಿಡರ್ ಕಾರಿನ ಹಿಂದಿನ ಗಾಲಿಯ ಪಕ್ಕದಲ್ಲಿ ಬಗ್ಗಿ ನೋಡಿದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಒಂದು ಕಟ್ಟು ಕಾಣುತ್ತದೆ. ಕಟ್ಟಿಗೆ ಕಮಾನು ಎನ್ನುತ್ತಾರೆ, ಒಂದೊಂದು ಪಟ್ಟಿಗೆ ಬ್ಲೇಡು ಎನ್ನುತ್ತಾರೆ. ಎಲ್ಲಕ್ಕಿಂತ ಉದ್ದನೆಯದು ಮೇಲೆ, ಅದರಡಿ ಸ್ವಲ್ಪ ಗಿಡ್ಡದು, ಅದರಡಿ ಇನ್ನೂ ಗಿಡ್ಡದು. ಎಲ್ಲವನ್ನೂ ತೂರಿಕೊಂಡು ನಡುವೆ ಒಂದು ಸೆಂಟರ್ ಬೋಲ್ಟು ನಿಂತಿರುತ್ತದೆ, ಕಟ್ಟನ್ನು ಆ್ಯಕ್ಸಲಿಗೆ ಯು ಬೋಲ್ಟುಗಳು ಬಿಗಿದಿರುತ್ತವೆ. ಮೇಲಿನ ಬ್ಲೇಡಿನ ಎರಡು ತುದಿಗಳೂ ಉಂಗುರದಂತೆ ಸುತ್ತಿಕೊಂಡಿರುತ್ತವೆ. ಮುಂದಿನ ಉಂಗುರ ರಬ್ಬರ್ ಬುಷ್ಷಿನ ಮೂಲಕ ಗಾಡಿಯ ತಳಕ್ಕೆ ಸೇರುತ್ತದೆ, ಹಿಂದಿನ ಉಂಗುರ ಶ್ಯಾಕಲ್ ಎಂಬ ತೂಗುಕೀಲಿನಲ್ಲಿ ಆಡುತ್ತದೆ. ಭಾರ ಬಿದ್ದಾಗ ಬಿಲ್ಲು ಚಪ್ಪಟೆಯಾಗಿ ಉದ್ದವಾಗುತ್ತದಲ್ಲ, ಆ ಉದ್ದಕ್ಕೆ ಜಾಗ ಮಾಡಿಕೊಡುವುದು ಈ ಶ್ಯಾಕಲ್ಲೇ. ಕೂಡ್ಲಿಗಿಯ ಮಸಾರಿ ನೆಲದ ಗುಂಡಿಗಳಲ್ಲಿ, ಹಡಗಲಿಯ ಎರೆ ನೆಲದ ಏರುತಗ್ಗುಗಳಲ್ಲಿ ಮೂವತ್ತು ನಲವತ್ತು ವರ್ಷ ಓಡಿದ ಗಾಡಿಯ ಕಮಾನು ಕೊನೆಗೆ ಕೂತುಬಿಡುತ್ತದೆ. ಬಾಗು ಹೋಗುತ್ತದೆ, ಬುಷ್ಷು ಗಟ್ಟಿಯಾಗಿ ಬಿರಿಯುತ್ತದೆ, ಬ್ಲೇಡುಗಳ ನಡುವೆ ತುಕ್ಕು ಕಟ್ಟುತ್ತದೆ. ಸೆಂಟರ್ ಬೋಲ್ಟಿನ ತಲೆ ತುಂಡಾದರೆ ಆ್ಯಕ್ಸಲ್ ತನ್ನ ಜಾಗ ಬಿಟ್ಟು ಸರಿಯುತ್ತದೆ. ಆಗ ಬಿಚ್ಚಿ ಬೇರೆ ಹಾಕಲೇಬೇಕು. ಗ್ಯಾರೇಜಿನಲ್ಲಿ ಹುಟ್ಟುವ ಒಂದು ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. ಸವೆದದ್ದನ್ನು ತೆಗೆದು ಹೊಸದನ್ನು ಕೂರಿಸಿದ ಮೇಲೆ ಉಳಿದದ್ದು ಅದೇ ಗಾಡಿಯೇ? ‘ಅದೇ’ ಎಂಬ ಮಾತು ಯಾವುದರ ಮೇಲೆ ನಿಂತಿದೆ?

ಈ ಪ್ರಶ್ನೆಗೆ ಸರ್ಕಾರ ತನ್ನ ಮಟ್ಟಿಗೆ ಒಂದು ಉತ್ತರ ಬರೆದಿಟ್ಟಿದೆ. 2021ರ ಜುಲೈನಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡು ಬಂದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗದ ಗಾಡಿ ಮಾತ್ರ ‘ವಿಂಟೇಜ್’ ಎನಿಸಿಕೊಳ್ಳುತ್ತದೆ. ಕಮಾನು, ಬುಷ್ಷು, ಶ್ಯಾಕಲ್ಲುಗಳ ಮಾತನ್ನು ಆ ವ್ಯಾಖ್ಯೆ ಎತ್ತುವುದಿಲ್ಲ. ಸವೆಯಲೆಂದೇ ಇರುವ ಭಾಗ ಸವೆದು ಬದಲಾದರೆ ಗಾಡಿ ಬೇರೆಯಾಗದು ಎಂಬ ಲೋಕರೂಢಿಯ ತಿಳಿವಳಿಕೆ ಅದರೊಳಗೆ ಅಡಗಿದೆ. ಆದರೆ ಕಾಯಿದೆ ಗೆರೆ ಎಳೆಯುತ್ತದೆ, ಗೆರೆ ಅಲ್ಲೇ ಯಾಕೆ ಎಂದು ಹೇಳುವುದಿಲ್ಲ. ಆ ಯಾಕೆಯನ್ನು ಹುಡುಕಲು ಕಮಾನೇ ಒಳ್ಳೆಯ ದಾರಿ ತೋರಿಸುತ್ತದೆ. ಕೂತುಹೋದ ಬ್ಲೇಡುಗಳನ್ನು ಎರಡು ಬಗೆಯಲ್ಲಿ ಸರಿಮಾಡಬಹುದು. ಅದೇ ಹಳೆಯ ಉಕ್ಕನ್ನು ಬಡಿದು ಮತ್ತೆ ಬಾಗು ಕೊಡಬಹುದು, ಇಲ್ಲವೇ ಅದೇ ಅಳತೆಯ ಹೊಸ ಉಕ್ಕನ್ನು ತಂದು ಹಾಕಬಹುದು. ಮೊದಲನೆಯದರಲ್ಲಿ ದ್ರವ್ಯ ಉಳಿದು ಆಕಾರ ಮರಳಿ ಬಂತು. ಎರಡನೆಯದರಲ್ಲಿ ಆಕಾರ ಉಳಿದು ದ್ರವ್ಯ ಬೇರೆಯಾಯಿತು. ಏನನ್ನೂ ಮಾಡದೆ ಬಿಟ್ಟ ಮೂರನೆಯ ಕಮಾನೂ ಇದೆ. ಅದರಲ್ಲಿ ಕಾರ್ಖಾನೆಯಿಂದ ಬಂದ ಉಕ್ಕಿನ ಒಂದು ತುಣುಕೂ ಬದಲಾಗಿಲ್ಲ, ಆದರೆ ಅದು ಭಾರವನ್ನು ಹೊತ್ತು ಮೇಲೆ ಪುಟಿಸುವುದಿಲ್ಲ. ದ್ರವ್ಯದ ಲೆಕ್ಕದಲ್ಲಿ ಅದೇ ಅತ್ಯಂತ ‘ಅಸಲಿ’. ಕೆಲಸದ ಲೆಕ್ಕದಲ್ಲಿ ಅದು ಕಮಾನೇ ಅಲ್ಲ, ಕಬ್ಬಿಣದ ಪಟ್ಟಿ. ಚಲಿಸುವ, ಭಾರ ಹೊರುವ ವಸ್ತುವಿನ ಗುರುತನ್ನು ಬರೀ ದ್ರವ್ಯದಲ್ಲಿ ಹುಡುಕಬಾರದು ಎಂಬುದಕ್ಕೆ ಇಷ್ಟೇ ಸಾಕು.

ಕಾರಿನ ವಿಷಯದಲ್ಲಿ ಇದನ್ನು ಒಪ್ಪುವುದು ಸುಲಭ. ತೇರಿನ ವಿಷಯದಲ್ಲಿ ಎದೆ ಅಳುಕುತ್ತದೆ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು ತೇರಿನ ಸೀಮೆ. ಇಲ್ಲಿ ವರ್ಷದ ಲೆಕ್ಕವನ್ನು ಜನ ಯುಗಾದಿಯಿಂದ ಎಷ್ಟು ಹಿಡಿಯುತ್ತಾರೋ ತೇರಿನಿಂದಲೂ ಅಷ್ಟೇ ಹಿಡಿಯುತ್ತಾರೆ. ಅವುಗಳಲ್ಲಿ ದೊಡ್ಡದು ಕೊಟ್ಟೂರು ಗುರುಬಸವೇಶ್ವರ ಸ್ವಾಮಿಯ ತೇರು. ಮಾಘದ ಕೃಷ್ಣಪಕ್ಷದಲ್ಲಿ ಮೂಲಾ ನಕ್ಷತ್ರ ಕೂಡಿದ ಹೊತ್ತಿಗೆ ಅದು ಹೊರಡುತ್ತದೆ. ದಾವಣಗೆರೆ ಕಡೆಯಿಂದ, ಸುತ್ತಣ ಜಿಲ್ಲೆಗಳಿಂದ ಜನ ನಡೆದೇ ಬರುತ್ತಾರೆ. ಉತ್ತತ್ತಿ, ಬಾಳೆಹಣ್ಣು ತೂರುವ ಕೈಗಳ ನಡುವೆ ಸುಮಾರು 60 ಅಡಿ ಎತ್ತರದ ತೇರು ನಿಧಾನಕ್ಕೆ ಸಾಗುವುದನ್ನು ನೋಡಿದವರಿಗೆ ಅದು ಮರ ಮತ್ತು ಕಬ್ಬಿಣ ಎಂಬ ನೆನಪೇ ಬಾರದು. 2017ರ ಫೆಬ್ರುವರಿ 21ರ ಮಂಗಳವಾರ ಆ ನೆನಪು ಬರಲೇಬೇಕಾಯಿತು. ತುಂಬಿದ ಜಾತ್ರೆಯ ನಡುವೆ ತೇರು ವಾಲಿ ನೆಲಕ್ಕೆ ಬಿತ್ತು, ಜನ ಗಾಯಗೊಂಡರು. ಗಾಲಿಯ ಅಚ್ಚು ಮುರಿದದ್ದು ಕಾರಣವೆಂದು ಅಂದು ವರದಿಯಾಯಿತು. ನಂತರ ಸ್ವಾಮಿಗೆ ಹೊಸ ತೇರು ಕಟ್ಟಿಸಲಾಯಿತು. ಯಾರ ತಪ್ಪು ಎಂದು ತೂಗುವುದು ಇಲ್ಲಿಯ ಉದ್ದೇಶವಲ್ಲ. ಕಾರಿಗಿರುವ ಕಮಾನು ತೇರಿಗಿಲ್ಲ. ನೆಲದ ಪ್ರತಿಯೊಂದು ಕುಲುಕೂ ಮೆತ್ತಗಾಗದೆ ನೇರವಾಗಿ ಅಚ್ಚಿಗೇ ಬಡಿಯುತ್ತದೆ. ವರ್ಷಕ್ಕೊಮ್ಮೆ ಮಾತ್ರ ಎಳೆಯುವ ತೇರಿನಲ್ಲಿ ಸವೆತ ಕಣ್ಣಿಗೆ ಬೀಳುವುದು ಕಡಿಮೆ, ಉಳಿದ ತಿಂಗಳುಗಳ ಮಳೆ, ಬಿಸಿಲು, ಗೆದ್ದಲು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಅಂಥ ಅಚ್ಚನ್ನು ಮುರಿಯುವ ಮೊದಲೇ ಬದಲಿಸಿದರೆ ತೇರು ಅದೇ ಆಗಿ ಉಳಿಯುವುದೇ? ಇಡೀ ತೇರನ್ನೇ ಬದಲಿಸಿದರೆ? ಭಕ್ತರ ಮನಸ್ಸಿನಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ, ಬಾಯಿಗೆ ಬರುವುದು ಅಪರೂಪ.

ತೇರಿನ ಬಿಡಿಭಾಗಗಳನ್ನು ಮುಂದಿಟ್ಟುಕೊಂಡು ಇದೇ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಈ ನಾಡು ಕೇಳಿತ್ತು. ಪಾಳಿಯ ‘ಮಿಲಿಂದಪಞ್ಹ’ದಲ್ಲಿ ಯವನ ದೊರೆ ಮಿಲಿಂದ ಮತ್ತು ಭಿಕ್ಷು ನಾಗಸೇನರ ಸಂವಾದವಿದೆ. ದೊರೆಯನ್ನು ನಾಗಸೇನ ಕೇಳುತ್ತಾನೆ: ನೀನು ನಡೆದು ಬಂದೆಯೋ, ರಥದಲ್ಲಿ ಬಂದೆಯೋ? ರಥದಲ್ಲಿ ಎಂದಾಗ, ಹಾಗಾದರೆ ರಥ ಎಂದರೆ ಯಾವುದು ಎಂದು ಹಿಡಿಯುತ್ತಾನೆ. ಅಚ್ಚೇ, ಗಾಲಿಯೇ, ಮೂಕಿಯೇ? ಒಂದೂ ಅಲ್ಲ. ಇವೆಲ್ಲದರಿಂದ ಬೇರೆಯಾದದ್ದೇ? ಅದೂ ಅಲ್ಲ. ಭಾಗಗಳನ್ನು ಆಶ್ರಯಿಸಿ ‘ರಥ’ ಎಂಬ ಹೆಸರು ನಡೆಯುತ್ತದೆ, ಅಷ್ಟೇ. ಮನುಷ್ಯನ ವಿಷಯವೂ ಹಾಗೆಯೇ ಎಂಬುದು ಅಲ್ಲಿಯ ಮುಂದಿನ ಮಾತು. ನ್ಯಾಯ ವೈಶೇಷಿಕರು ಇದಕ್ಕೆ ಎದುರು ನಿಂತರು. ಅವರಿಗೆ ಅವಯವಗಳಿಗಿಂತ ಅವಯವಿ ಬೇರೆಯದೇ ಆದ ಒಂದು ನಿಜವಾದ ವಸ್ತು. ಆದರೆ ಈ ನಿಲುವಿಗೆ ಅವರು ತೆತ್ತ ಬೆಲೆ ದೊಡ್ಡದು: ಒಂದು ಅವಯವ ಹೋದರೆ ಹಳೆಯ ಅವಯವಿ ನಾಶವಾಗಿ ಹೊಸದೊಂದು ಹುಟ್ಟಿತೆಂದು ಅವರು ಒಪ್ಪಲೇಬೇಕಾಯಿತು. ಬಟ್ಟೆಯ ಒಂದು ಎಳೆ ಕಿತ್ತರೆ ಅದು ಇನ್ನೊಂದು ಬಟ್ಟೆ. ಹಾಗಾದರೆ ಬುಷ್ಷು ಬದಲಿಸಿದ ದಿನವೇ ಅದು ಇನ್ನೊಂದು ಕಾರು, ಕಡಾಣಿ ಬದಲಿಸಿದ ದಿನವೇ ಅದು ಇನ್ನೊಂದು ಚಕ್ಕಡಿ. ಹೀಗೆಂದು ಲೋಕದಲ್ಲಿ ಯಾರೂ ಬಾಳುವುದಿಲ್ಲ. ನಾಗಸೇನನ ಮಾತು ಇದಕ್ಕಿಂತ ಹೆಚ್ಚು ಪ್ರಾಮಾಣಿಕವಾದದ್ದು. ಭಾಗಗಳೊಳಗೆ ಅವಿತುಕೊಂಡ ‘ತೇರುತನ’ ಎಂಬ ಬೀಜ ಎಲ್ಲೂ ಇಲ್ಲ. ಆದರೆ ಅವನ ವಿಚಾರಣೆಯಲ್ಲಿ ನಿಂತ ರಥವೊಂದನ್ನು ಬಿಚ್ಚಿ ಹರಡಿದಂತಿದೆ. ಬಿಡಿಭಾಗಗಳು ಒಂದೊಂದಾಗಿ ಸಾಲಿನಲ್ಲಿ ನಿಲ್ಲುತ್ತವೆ. ಅವು ಒಂದಕ್ಕೊಂದು ಭಾರ ದಾಟಿಸಿಕೊಳ್ಳುವ ಸಂಗತಿ, ಮೇಲಿನ ಅಂತಸ್ತುಗಳು ತಳದ ಗಡ್ಡೆಗೆ, ಗಡ್ಡೆ ಅಚ್ಚಿಗೆ, ಅಚ್ಚು ಗಾಲಿಗೆ, ಆ ಸಾಲಿನಲ್ಲಿ ಕಾಣುವುದಿಲ್ಲ. ದೊರೆಯನ್ನು ಅಲ್ಲಿಗೆ ತಂದು ಮುಟ್ಟಿಸಿದ್ದು ಆ ದಾಟಿಸುವಿಕೆಯೇ.

ಶಂಕರರು ಬೌದ್ಧರ ಕ್ಷಣಿಕವಾದವನ್ನು ಎದುರಿಸುವಾಗ ಒಂದು ಸೂಕ್ಷ್ಮವಾದ ರಿಯಾಯಿತಿ ಕೊಡುತ್ತಾರೆ. ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ನೆನಪಿನ ಮಾತು ಬಂದಾಗ ಅವರ ವಾದದ ತಿರುಳು ಇಷ್ಟು: ಹೊರಗಿನ ವಸ್ತುವನ್ನು ಕುರಿತು ಇದು ಅದೇಯೋ, ಅದರಂಥದೋ ಎಂಬ ಸಂದೇಹ ಬಂದೀತು, ಆದರೆ ಅಂದು ಕಂಡವನೂ ಇಂದು ನೆನೆಯುವವನೂ ನಾನೇ ಎಂಬಲ್ಲಿ ಸಂದೇಹ ಬಾರದು. ಅಂದರೆ ವಸ್ತುವಿನ ‘ಅದೇತನ’ಕ್ಕೆ ಗಟ್ಟಿಯಾದ ಆಧಾರ ಬೇಕಿದ್ದರೆ ಅದನ್ನು ಗುರುತಿಸುವವನ ಕಡೆಗೆ ತಿರುಗಬೇಕು. ತೇರಿನ ಮಟ್ಟಿಗೆ ಇದು ಬಹಳ ಬೆಳಕು ಕೊಡುವ ಮಾತು. ತೇರನ್ನು ‘ಅದೇ’ ಎಂದು ಗುರುತಿಸುವವರು ಯಾರು? ಊರಿನವರು, ನಡೆದು ಬರುವ ಭಕ್ತರು. ಆದರೆ ಇಲ್ಲಿ ಒಂದು ತೊಡಕೂ ಇದೆ. ಗುರುತಿಸುವ ಊರು ಒಬ್ಬ ವ್ಯಕ್ತಿಯಲ್ಲ, ಅದೂ ಬದಲಾಗುತ್ತಲೇ ಇರುತ್ತದೆ. 1953ರಲ್ಲಿ, ಬಳ್ಳಾರಿ ಸೀಮೆ ಮದರಾಸಿನಿಂದ ಮೈಸೂರಿಗೆ ಸೇರಿದ ವರ್ಷದಲ್ಲಿ, ಹಗ್ಗ ಹಿಡಿದ ಕೈಗಳಲ್ಲಿ ಇಂದು ಹಿಡಿಯಬಲ್ಲವು ಎಷ್ಟು ಉಳಿದಾವು? ಊರು ಸೇರಿದ ಆಡಳಿತವೂ ಬದಲಾಗಿದೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಆದರೂ ಹರಪನಹಳ್ಳಿಯವರು ತಾವು ಬೇರೆ ಊರಿನವರಾದೆವೆಂದು ಒಂದು ದಿನವೂ ಅಂದುಕೊಳ್ಳಲಿಲ್ಲ.

ಗುರುತಿಸುವ ಊರೂ ತುಂಡುತುಂಡಾಗಿ ಬದಲಾಗುತ್ತಿದ್ದರೆ ‘ಅದೇ’ ಎಂಬ ಮಾತಿಗೆ ನೆಲೆ ಎಲ್ಲಿ? ಉತ್ತರ ಕಮಾನಿನ ಕಟ್ಟಿನಲ್ಲೇ ಇದೆ ಎಂದು ನನಗೆ ತೋರುತ್ತದೆ. ಕಟ್ಟಿನ ಯಾವ ಬ್ಲೇಡೂ ಒಂಟಿಯಾಗಿ ಭಾರ ಹೊರುವುದಿಲ್ಲ. ಒಂದರ ಮೇಲೊಂದು ಒರಗಿ, ಒಂದನ್ನೊಂದು ತಿಕ್ಕುತ್ತಾ ಹೊರುತ್ತವೆ. ಕೆಲಸ ಬಲ್ಲ ಮೇಸ್ತ್ರಿ ತುಂಡಾದ ಒಂದು ಬ್ಲೇಡಿನ ಜಾಗಕ್ಕೆ ಸಿಕ್ಕಿದ ಹೊಸ ಬ್ಲೇಡನ್ನು ಹಾಗೆಯೇ ತುರುಕುವುದಿಲ್ಲ. ಹೊಸದರ ಬಾಗು ಹಳೆಯವುಗಳ ಬಾಗಿಗಿಂತ ಹೆಚ್ಚಿದ್ದರೆ ಭಾರವೆಲ್ಲ ಅದರ ಮೇಲೇ ಬಿದ್ದು ಅದೇ ಮೊದಲು ಮುರಿಯುತ್ತದೆ. ಕಡಿಮೆಯಿದ್ದರೆ ಅದು ಸುಮ್ಮನೆ ಜೊತೆಗಿರುತ್ತದೆ, ಹೊರುವುದಿಲ್ಲ. ಒಂದೇ ಪಕ್ಕದ ಕಮಾನು ಬದಲಿಸಿದರೆ ಗಾಡಿ ಒಂದು ಕಡೆಗೆ ವಾಲಿ ನಿಲ್ಲುತ್ತದೆ, ಅದಕ್ಕೇ ಎರಡೂ ಪಕ್ಕ ಜೊತೆಯಾಗಿ ಬಿಚ್ಚುವುದು ರೂಢಿ. ಯು ಬೋಲ್ಟನ್ನು ಕೊನೆಯ ಬಿಗಿ ಬಿಗಿಯುವುದು, ಬುಷ್ಷಿನ ಬೋಲ್ಟಿಗೆ ಪೂರ್ತಿ ಒತ್ತು ಕೊಡುವುದು, ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ಕೂತ ಮೇಲೆ. ಜಾಕಿನ ಮೇಲೆ ತೂಗುತ್ತಿರುವಾಗಲೇ ಬಿಗಿದುಬಿಟ್ಟರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಈ ಚಿಕ್ಕ ವಿವರಗಳನ್ನು ಬೇಕೆಂದೇ ಇಷ್ಟು ಹತ್ತಿರದಿಂದ ಹೇಳಿದೆ. ಹೊಸ ಭಾಗ ಹಳೆಯ ಭಾಗದ ಪಕ್ಕದಲ್ಲಿ ಕೂತು, ಅದರ ಅಳತೆಗೆ ಒಗ್ಗಿ, ಅದರ ಜೊತೆ ಸ್ವಲ್ಪ ಕಾಲ ಭಾರ ಹೊತ್ತಾಗ ‘ಅದೇ’ ಎಂಬುದು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಊರಿನಲ್ಲೂ ಹೀಗೆಯೇ ಆಗುತ್ತದೆ. ತೇರಿನ ಗಾಲಿಗೆ ಸನ್ನೆ ಕೊಡುವ ಹುಡುಗ ಆ ಕೆಲಸ ಬಲ್ಲ ಹಿರಿಯನ ಪಕ್ಕದಲ್ಲಿ ನಿಂತು ಕೆಲವು ವರ್ಷ ಕೊಟ್ಟಿರುತ್ತಾನೆ. ಎಷ್ಟು ಇಳಿಜಾರಿಗೆ ಎಷ್ಟು ದಪ್ಪದ ಸನ್ನೆ, ಯಾವ ಗಳಿಗೆಯಲ್ಲಿ ಕೈ ಹಿಂದೆಗೆಯಬೇಕು ಎಂಬುದು ಕೈಯಿಂದ ಕೈಗೆ ದಾಟಿರುತ್ತದೆ. ಹಿರಿಯ ಹೋದಾಗ ಕೆಲಸ ಹೋಗುವುದಿಲ್ಲ. ‘ಅದೇ’ ಎಂಬುದು ಹೀಗೆ ದಾಟಿ ಬರುವ ಸಂಗತಿ, ವಸ್ತುವಿನೊಳಗೆ ಅಡಗಿಸಿಟ್ಟ ಗಂಟಲ್ಲ ಎಂಬುದೇ ನನ್ನ ವಾದ. ಹಾಗಾದರೆ ಸವೆದ ಭಾಗವನ್ನು ಅದು ಇನ್ನೂ ನಿಂತಿರುವಾಗಲೇ ಬದಲಿಸುವುದು ‘ಅದೇತನ’ವನ್ನು ಕಾಯುವ ಕೆಲಸ. ಮುರಿದು ಬಿದ್ದ ಮೇಲೆ ಬದಲಿಸಿದರೆ ಹಳೆಯದು ಹೊಸದಕ್ಕೆ ಏನನ್ನೂ ದಾಟಿಸಲಾಗದು.

ಇದಕ್ಕೆ ಬರುವ ಮೊದಲ ಆಕ್ಷೇಪ ಮನಸ್ಸಿಗೆ ಹತ್ತಿರದ್ದು. ಹಿರಿಯರು ಮುಟ್ಟಿದ ಮರ ಅದು, ಅದನ್ನು ತೆಗೆದರೆ ಅವರ ಸ್ಪರ್ಶವೇ ಹೋಗುತ್ತದಲ್ಲ? ಹಳೆಯ ಕಾರುಗಳನ್ನು ಪ್ರೀತಿಸುವವರೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ, ಕಾರ್ಖಾನೆಯ ಅಸಲಿ ಬೋಲ್ಟು ಇದ್ದರೆ ಗಾಡಿಗೆ ಬೆಲೆ ಎಂದು. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತ ಮೇಲಂತೂ ಅಸಲಿ ಎಂಬ ಮಾತಿಗೆ ತೂಕ ಹೆಚ್ಚಿದೆ. ಈ ಭಾವನೆಯನ್ನು ಹಗುರವಾಗಿ ಕಾಣಬಾರದು. ಆದರೆ ತೇರನ್ನೇ ಸರಿಯಾಗಿ ನೋಡೋಣ. ಸಾವಿರಾರು ಜನ ನಿಜವಾಗಿ ಮುಟ್ಟುವುದು ಯಾವುದನ್ನು? ಹಗ್ಗವನ್ನು. ಆ ಹಗ್ಗವನ್ನೇ ಯಾವ ಮಾತೂ ಇಲ್ಲದೆ ಬದಲಿಸುತ್ತಾರೆ, ಸವೆದ ಹಗ್ಗ ಹಿಡಿಯಲು ಯಾರೂ ಒಪ್ಪುವುದಿಲ್ಲ. ತೇರಿಗೆ ಸುತ್ತುವ ಬಟ್ಟೆ, ಹೂವಿನ ಹಾರ, ಪಟಾಕ್ಷಿ ಎಂಬ ಬಾವುಟ ಎಲ್ಲವೂ ಹೊಸವು. ಹರಾಜಿನಲ್ಲಿ ಭಕ್ತರು ಪಟಾಕ್ಷಿಗಾಗಿ ಪೈಪೋಟಿ ನಡೆಸುವಾಗ ಅದು ಹಳೆಯದಲ್ಲವಲ್ಲ ಎಂದು ಯಾರ ಭಕ್ತಿಯೂ ಕುಂದುವುದಿಲ್ಲ. ಯಾರ ಕೈಯೂ ತಾಗದ, ಯಾರ ಕಣ್ಣಿಗೂ ಬೀಳದ ಅಚ್ಚಿನ ವಿಷಯದಲ್ಲಿ ಮಾತ್ರ ಸ್ಪರ್ಶದ ಮಾತು ಯಾಕೆ ಎದ್ದುಬರುತ್ತದೆ? ಮುಟ್ಟಿದವರ ನೆನಪು ಮುಟ್ಟುವವರಲ್ಲಿ ಉಳಿಯುತ್ತದೆ. ಅಜ್ಜ ಹಿಡಿದ ಹಗ್ಗ ಇಂದಿಲ್ಲ, ಅಜ್ಜ ಹಿಡಿದಂತೆ ಹಿಡಿಯುವ ಮೊಮ್ಮಗ ಇದ್ದಾನೆ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಸ್ವಾಮಿಯೇ ಕೂತ ತೇರು, ಅದರ ಅಚ್ಚನ್ನು ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸುವುದು ಸ್ವಾಮಿಯನ್ನೇ ನಂಬದಂತಾಗದೇ? ಹೀಗೆ ಕೇಳುವವರ ಭಕ್ತಿ ದೊಡ್ಡದು, ಆದರೆ ಅವರ ಪರಂಪರೆಯೇ ಅವರಿಗೆ ಬೇರೆ ಮಾತು ಹೇಳುತ್ತದೆ. ದೇವಸ್ಥಾನದ ಶಾಸ್ತ್ರಗಳಲ್ಲಿ ಜೀರ್ಣೋದ್ಧಾರ ಎಂಬ ವಿಧಿಯೇ ಇದೆ. ದೇವರಿಗೆ ಸೇರಿದ್ದು ಸವೆಯುವುದಿಲ್ಲ ಎಂದಿದ್ದರೆ ಆ ವಿಧಿಯ ಅಗತ್ಯವೇ ಇರುತ್ತಿರಲಿಲ್ಲ. ಮರ, ಕಲ್ಲು, ಲೋಹ ಎಲ್ಲವೂ ಹಳತಾಗುತ್ತವೆ, ಹಳತಾದಾಗ ಏನು ಮಾಡಬೇಕೆಂದು ತಿಳಿದಿರಬೇಕು ಎಂದು ಒಪ್ಪಿಕೊಂಡೇ ಆ ಶಾಸ್ತ್ರಗಳು ಹುಟ್ಟಿದವು. ಶರಣರ ದಾರಿಯಲ್ಲಂತೂ ಕಾಯಕ ಪೂಜೆಗಿಂತ ಕೆಳಗಿನದಲ್ಲ. ಬಡಗಿಯ ಉಳಿ, ಕಮ್ಮಾರನ ಸುತ್ತಿಗೆ ಆ ದಾರಿಯಲ್ಲಿ ಅಂಗಳದ ಹೊರಗೆ ಉಳಿದ ವಸ್ತುಗಳಲ್ಲ. ಇಲ್ಲೇ ಕೊಟ್ಟೂರು ತಾಲ್ಲೂಕಿನ ಉಜ್ಜಯಿನಿಯಲ್ಲಿ ಮರುಳಸಿದ್ಧೇಶ್ವರ ಸ್ವಾಮಿಯ ಜಾತ್ರೆಗೆ ದೇವಸ್ಥಾನದ ಶಿಖರಕ್ಕೇ ಎಣ್ಣೆ ಎರೆಯುವ ತೈಲಾಭಿಷೇಕ ನಡೆಯುತ್ತದೆ. ಭಕ್ತರು ತುಂಬಿ ತಂದ ಎಣ್ಣೆ ಕಲ್ಲಿನ ಮೇಲಿಂದ ಇಳಿಯುವುದನ್ನು ನೋಡುವಾಗ, ಬಿಸಿಲುಮಳೆಗೆ ಒಡ್ಡಿಕೊಂಡ ಕಲ್ಲಿಗೆ ಮಾಡುವ ಆರೈಕೆ ಎಲ್ಲಿ ಮುಗಿಯಿತು, ಪೂಜೆ ಎಲ್ಲಿ ಶುರುವಾಯಿತು ಎಂದು ಬೇರ್ಪಡಿಸಲಾಗದು. ಚಕ್ಕಡಿಯ ಇರಚಿಗೆ ಕೀಲೆಣ್ಣೆ ಹಚ್ಚುವ ರೈತನ ಕೈಯೂ ಅದೇ ಜಾತಿಯದು. ಅಚ್ಚನ್ನು ತಟ್ಟಿ ಅದರ ದನಿ ಕೇಳುವವನು ಸ್ವಾಮಿಯನ್ನು ಸಂದೇಹಿಸುತ್ತಿಲ್ಲ. ಸ್ವಾಮಿಯನ್ನು ನೋಡಲೆಂದು ಗಾಲಿಯ ಮಗ್ಗುಲಲ್ಲೇ ನಿಲ್ಲುವ ಮಕ್ಕಳ ತಾಯಂದಿರ ಪರವಾಗಿ ಅವನು ಆ ಕೆಲಸ ಮಾಡುತ್ತಿದ್ದಾನೆ.

ಇನ್ನು ಇಡೀ ತೇರೇ ಹೊಸದಾದರೆ? ಜೊತೆಯಲ್ಲಿ ಭಾರ ಹೊತ್ತು ದಾಟಿಸುವ ಹಳೆಯ ಭಾಗವೇ ಇಲ್ಲದಾಗ ನನ್ನ ವಾದ ಕುಸಿಯುವುದಿಲ್ಲವೇ? ಇಲ್ಲಿ ವಾದ ಕಷ್ಟಕ್ಕೆ ಸಿಕ್ಕುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದರೆ ಕುಸಿಯುತ್ತದೆ ಎನ್ನಲಾರೆ. ಆಗಮದ ರೀತಿಯಲ್ಲಿ ನಡೆಯುವ ಗುಡಿಗಳಲ್ಲಿ ಮೂರ್ತಿಯನ್ನು ಸರಿಪಡಿಸುವ ಮೊದಲು ಕಲಾಕರ್ಷಣೆ ಮಾಡುತ್ತಾರೆ. ಮೂರ್ತಿಯ ಸಾನ್ನಿಧ್ಯವನ್ನು ನೀರು ತುಂಬಿದ ಕುಂಭಕ್ಕೆ ಕರೆದುಕೊಂಡು, ಕೆಲಸ ಮುಗಿಯುವವರೆಗೆ ಬಾಲಾಲಯ ಎಂಬ ತಾತ್ಕಾಲಿಕ ಗುಡಿಯಲ್ಲಿ ಪೂಜಿಸಿ, ಆಮೇಲೆ ಮರಳಿ ತುಂಬುತ್ತಾರೆ. ಹಳೆಯದೂ ಹೊಸದೂ ಒಟ್ಟಿಗೆ ಇರಲಾಗದ ಕಡೆ, ಅವೆರಡರ ನಡುವೆ ನಿಲ್ಲಲು ಕುಂಭವನ್ನು ಇಟ್ಟಿದ್ದಾರೆ. ದಾಟಿಸದೆ ಬದಲಿಸಬಾರದು ಎಂಬ ತಿಳಿವಳಿಕೆ ಈ ವಿಧಿಯ ಎಲುಬು. ಪುರಿಯಲ್ಲಿ ಜಗನ್ನಾಥ, ಬಲಭದ್ರ, ಸುಭದ್ರೆಯರ ಮೂರು ರಥಗಳನ್ನು ಪ್ರತಿವರ್ಷ ಹೊಸ ಮರದಲ್ಲಿ ಕಟ್ಟುತ್ತಾರೆ. ಗಾಲಿಗಳ ಲೆಕ್ಕ 16, 14, 12 ಎಂದು ಎಂದಿನಂತೆ ನಿಂತಿದೆ, ನಂದಿಘೋಷ, ತಾಳಧ್ವಜ, ದರ್ಪದಲನ ಎಂಬ ಹೆಸರುಗಳೂ ಅವೇ. ಅಲ್ಲಿ ದಾಟಿ ಬರುವುದು ಬಡಗಿಗಳ ಕೈಯಲ್ಲಿರುವ ಅಳತೆ. ಮರಕ್ಕೆ ಆಯುಷ್ಯ ಒಂದು ವರ್ಷ, ಅಳತೆಗೆ ತಲೆಮಾರುಗಳು. ನಮ್ಮ ಮಗ್ಗುಲಲ್ಲಿ ಇದಕ್ಕಿಂತ ಕಠಿಣವಾದ ನಿದರ್ಶನವಿದೆ. ತುಂಗಭದ್ರಾ ಜಲಾಶಯದಲ್ಲಿ ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿನ ಜನ ಹಗರಿಬೊಮ್ಮನಹಳ್ಳಿಯ ಹಾದಿಯಲ್ಲಿರುವ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಮನೆ, ಬೀದಿ, ನೆಲ ಎಲ್ಲ ನೀರಿನಡಿಗೆ ಹೋಯಿತು. ಇಂದಿಗೂ ಮರಿಯಮ್ಮನಹಳ್ಳಿಯಲ್ಲಿ ಲಕ್ಷ್ಮೀನಾರಾಯಣ ಸ್ವಾಮಿ, ಆಂಜನೇಯ ಸ್ವಾಮಿಯ ಜೋಡಿ ತೇರು ಎಳೆಯುತ್ತಾರೆ. ಒಂದು ಊರಿಗೆ ಊರೇ ಬದಲಾದರೂ ಹಬ್ಬ ದಾಟಿ ಬಂದದ್ದು ಅದನ್ನು ಹೊತ್ತು ತಂದ ಜನರಿಂದ. ಕೊಟ್ಟೂರಿನ ಹೊಸ ತೇರಿನ ಗತಿಯೂ ಇದೇ. ಮುರಿದ ತೇರಿನ ಅಚ್ಚು ಅದಕ್ಕೆ ಏನನ್ನೂ ದಾಟಿಸಲಿಲ್ಲ. ದಾಟಿಸಿದವರು ಹಳೆಯ ತೇರನ್ನು ಎಳೆದು ಬಲ್ಲ ಜನ, ಮೂಲಾ ನಕ್ಷತ್ರಕ್ಕೆ ಕಾಯುವ ಅದೇ ಜನ. ಅವರಿದ್ದರಿಂದ ಅದನ್ನು ‘ಕೊಟ್ಟೂರಪ್ಪನ ತೇರು’ ಎನ್ನುವುದಕ್ಕೆ ಯಾರೂ ತಡವರಿಸಬೇಕಾಗಿಲ್ಲ. ಆದರೆ ಒಂದು ಅಚ್ಚು ಬದಲಿಸಿ ಮುಗಿಯಬಹುದಾದ ಕೆಲಸವನ್ನು ಜನರ ನೆನಪೊಂದೇ ಹೊರಬೇಕಾಯಿತು, ಅದೂ ನೋವು ಕಂಡ ಮೇಲೆ.

ಹೀಗೆಂದರೆ ಏನನ್ನು ಬೇಕಾದರೂ ಬದಲಿಸಬಹುದೆಂಬ ಅರ್ಥ ಬಂದೀತು ಎಂದು ಹೆದರುವವರಿದ್ದಾರೆ, ಅವರ ಹೆದರಿಕೆ ಸರಿಯಾದದ್ದೇ. ತಮಿಳುನಾಡಿನ ಅನೇಕ ತೇರುಗಳಿಗೆ ತಿರುಚ್ಚಿಯ ಬಿಎಚ್‌ಇಎಲ್ ಕಾರ್ಖಾನೆ ಕಬ್ಬಿಣದ ಗಾಲಿ, ಅಚ್ಚು, ಹೈಡ್ರಾಲಿಕ್ ಬ್ರೇಕುಗಳನ್ನು ಮಾಡಿಕೊಟ್ಟಿದೆ. ಅದರಿಂದ ತೇರಿನ ತನ ಕೆಡಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಭಾರ ಹೊರುವ, ಪ್ರಾಣ ಕಾಯುವ ಭಾಗಕ್ಕೆ ಒಳ್ಳೆಯ ಲೋಹ ಬಂದರೆ ಬರಲಿ. ಆದರೆ ಅದೇ ತೇರಿಗೆ ಎಂಜಿನ್ ಕೂರಿಸಿ, ಹಗ್ಗ ಬಿಚ್ಚಿ, ಒಬ್ಬ ಡ್ರೈವರ್ ಅದನ್ನು ಬೀದಿಯುದ್ದ ಓಡಿಸಿದರೆ? ಮೇಲಿನ ಒಂದೊಂದು ಕೆತ್ತನೆಯೂ ನಾನೂರು ವರ್ಷದ ಹಿಂದಿನದೇ ಆಗಿದ್ದರೂ ಅಂದಿಗೆ ತೇರು ಮುಗಿಯಿತು. ಕೂಡಿ ಎಳೆಯುವುದು ತೇರಿನ ಕೆಲಸ, ಅದಕ್ಕೆ ಕೈ ಹಾಕಬಾರದು. ಇದರ ಎದುರು ತುದಿ ಹಂಪಿಯಲ್ಲಿದೆ. ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಈ ಜಿಲ್ಲೆಯ ಹೆಮ್ಮೆ, 50 ರೂಪಾಯಿಯ ನೋಟಿನ ಮೇಲೂ ಅದರ ಚಿತ್ರವಿದೆ. ಅದರ ಗಾಲಿಗಳು ಸವೆಯದಂತೆ, ಯಾರೂ ತಿರುಗಿಸದಂತೆ ಭದ್ರ ಮಾಡಿದ್ದಾರೆ, ಮಾಡಬೇಕಾದದ್ದೇ. ಆದರೆ 1856ರಲ್ಲಿ ಗ್ರೀನ್‌ಲಾ ಎಂಬ ಛಾಯಾಗ್ರಾಹಕ ತೆಗೆದ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ, ಇಂದು ಅದಿಲ್ಲ. ನಿಲ್ಲಲೆಂದೇ ಮಾಡಿದ ರಥವೂ ಇದ್ದಂತೆ ಇರಲಿಲ್ಲ. ಶರಣರು ಸ್ಥಾವರ, ಜಂಗಮ ಎಂದು ಬಿಡಿಸಿ ಹೇಳಿದ್ದರ ಅರ್ಥ ಗುಡಿಯ ಮುಂದೆ ನಿಂತಾಗಿನದಕ್ಕಿಂತ ತೇರಿನ ಮುಂದೆ ನಿಂತಾಗ ನನಗೆ ಹೆಚ್ಚು ತಿಳಿಯುತ್ತದೆ. ಚಲಿಸುವುದು ಸವೆಯಲೇಬೇಕು, ಸವೆದದ್ದನ್ನು ಬದಲಿಸಿಕೊಳ್ಳುತ್ತಲೇ ಅದು ಚಲನೆಯಲ್ಲಿ ಉಳಿಯುತ್ತದೆ. ಈ ಮಾತನ್ನು ಮನುಷ್ಯನ ಆತ್ಮದವರೆಗೆ ಎಳೆಯುವ ಧೈರ್ಯ ನನಗಿಲ್ಲ. ಕಠೋಪನಿಷತ್ತು ದೇಹವನ್ನು ರಥ ಎಂದು, ಆತ್ಮನನ್ನು ಅದರಲ್ಲಿ ಕೂತವನು ಎಂದು ಬೇರೆ ಮಾಡಿ ಹೇಳಿತು. ಮೊಣಕಾಲಿನ ಕೀಲು ಬದಲಿಸಿಕೊಂಡವರನ್ನು ನಾವು ಬೇರೊಬ್ಬರೆಂದು ಕಾಣುವುದಿಲ್ಲ, ಆದರೆ ಕೂತವನು ಯಾರು ಎಂಬ ಪ್ರಶ್ನೆಯನ್ನು ಕೀಲಿನಿಂದ ಬಿಡಿಸಲಾಗದು. ತೇರಿನ ಬಗ್ಗೆ, ಗಾಡಿಯ ಬಗ್ಗೆ, ಊರಿನ ಬಗ್ಗೆ ಮಾತ್ರ ನಾನು ಇಷ್ಟು ಹೇಳಬಲ್ಲೆ.

ಉಳಿದ ಒಂದು ಪ್ರಶ್ನೆಯನ್ನು ಇಂಗ್ಲೆಂಡಿನ ತತ್ತ್ವಜ್ಞಾನಿ ಹಾಬ್ಸ್ ಹದಿನೇಳನೆಯ ಶತಮಾನದಲ್ಲಿ ಎತ್ತಿದ್ದ. ಗ್ರೀಕರ ಥೀಸಿಯಸ್ ವೀರನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋದರು, ತೆಗೆದ ಹಳೆಯ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು ಮತ್ತೊಂದು ಹಡಗು ಕಟ್ಟಿದರು ಎಂದುಕೊಳ್ಳಿ, ಆಗ ಯಾವುದು ಅಸಲಿ? ಈ ಒಗಟು ಹಲಗೆಗಳು ಮೂಲೆಯಲ್ಲಿ ಕೆಲಸವಿಲ್ಲದೆ ಕಾದು ಕೂತಿರುತ್ತವೆ ಎಂದು ಊಹಿಸಿಕೊಳ್ಳುತ್ತದೆ. ನಮ್ಮ ಕಡೆ ಬಿಚ್ಚಿ ತೆಗೆದ ಕಮಾನು ಹಾಗೆ ಕಾಯುವುದಿಲ್ಲ. ಅದರ ಉಕ್ಕು ಒಳ್ಳೆಯದೆಂದು ಕಮ್ಮಾರನಿಗೆ ಗೊತ್ತು. ಬ್ಲೇಡನ್ನು ತುಂಡರಿಸಿ ಕುಲುಮೆಗೆ ಇಡುತ್ತಾನೆ, ಕೆಂಪಾದದ್ದನ್ನು ಅಡಿಗಲ್ಲಿನ ಮೇಲೆ ಬಡಿದು ಬಾಗಿಸುತ್ತಾನೆ, ನೀರಿಗೆ ಅದ್ದಿ ಹದ ಹಿಡಿಸುತ್ತಾನೆ. ಗಾಡಿ ಹೊತ್ತ ಉಕ್ಕು ಕುಡಗೋಲಾಗಿ ಹಡಗಲಿಯ ಜೋಳದ ಹೊಲಕ್ಕೆ ಹೋಗುತ್ತದೆ. ಅದನ್ನು ಹಿಡಿದು ಕುಯ್ಯುವ ಹೆಂಗಸು ತನ್ನ ಕೈಯಲ್ಲಿ ಹಳೆಯ ಅಂಬಾಸಿಡರಿನ ತುಂಡಿದೆ ಎನ್ನುವುದಿಲ್ಲ, ಕುಡಗೋಲು ಎನ್ನುತ್ತಾಳೆ. ಆ ಹೊತ್ತಿಗೆ ಹೊಸ ಕಮಾನು ಕೂರಿಸಿಕೊಂಡ ಕಾರು ಹೊಲದ ಬದಿಯ ರಸ್ತೆಯಲ್ಲಿ ಹರಪನಹಳ್ಳಿಯ ಕಡೆ ಹೋಗುತ್ತಿದ್ದರೆ, ಅದರ ಯಜಮಾನನಿಗೆ ಅದು ಅಪ್ಪನ ಕಾಲದ ಗಾಡಿಯೇ.